ನಾನು ನಿಮಗೆ ಏನಾಗಬೇಕು?

ಜನವರಿ 11

ಪ್ರೀತಿಯ ಹಾರ್ನ್,

ತಲುಪಿದೆ. ರೈಲಿನಲ್ಲಿ ಕಣ್ಣು ಮುಚ್ಚಲಾಗಲಿಲ್ಲ. ಎದುರು ಸೀಟಿನ ಮನುಷ್ಯ ಗೊರಕೆಯಲ್ಲಿ ನಿನ್ನನ್ನೂ ಮೀರಿಸಿದ್ದ.

ಅಣ್ಣನನ್ನು ನೋಡಿದಾಗ ಮೊದಲು ಗುರುತೇ ಸಿಗಲಿಲ್ಲ. ಲಕ್ವ ಹೊಡೆದು ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿವೆ. ಬಾಯಿ ಒಂದು ಕಡೆಗೆ ಎಳೆದುಕೊಂಡಿದೆ. ಒಂಬತ್ತು ವರ್ಷದ ಹಿಂದೆ 'ಮದುವೆ ಒಲ್ಲೆ ಅನ್ನೋದಾದ್ರೆ ಈ ಮನೆ ಹೊಸಿಲು ತುಳೀಬೇಡ' ಎಂದು ಗುಡುಗಿದ ಬಾಯಿ ಅದು. ಈಗ ನನ್ನ ಹೆಸರನ್ನು ಅರ್ಧ ಹೇಳಿ, ಉಳಿದರ್ಧ ಬಾರದೆ ಅತ್ತುಬಿಟ್ಟ. ನಾನೂ ಅತ್ತೆ. ಅತ್ತಿಗೆ ಅಳಲಿಲ್ಲ, ಅವರಿಗೆ ಅಷ್ಟು ಪುರಸೊತ್ತಿಲ್ಲ. ಬೆಳಿಗ್ಗೆ ಕಚೇರಿಗೆ ಹೋದರೆ ಬರುವುದು ಸಂಜೆಗೆ. ಹಗಲಿಡೀ ಅಣ್ಣನಿಗೆ ನಾನೇ ಕೈ, ನಾನೇ ಕಾಲು.

ಎಲ್ಲಿದ್ದೀಯ, ಯಾರ ಜೊತೆ ಇದ್ದೀಯ ಎಂದು ಊಟದ ಹೊತ್ತಿಗೆ ಕೇಳಿದರು. ನಿಮ್ಮಿಬ್ಬರ ವಿಷಯ ಹೇಳಿದೆ. ಅಣ್ಣ ತಲೆಯಾಡಿಸಿದ. ನಾನು ಹೆದರಿದ್ದಷ್ಟು ಏನೂ ಆಗಲಿಲ್ಲ.

ಫೋನು ನಡುಮನೆಯಲ್ಲಿದೆ, ಎಲ್ಲರ ಕಿವಿಗಳೂ ಅಲ್ಲೇ ಇರುತ್ತವೆ. ಕಾಗದವನ್ನೇ ಬರಿ. ಚಿಟಿಕೆಗೆ ರಾತ್ರಿ ಹಲ್ಲುಜ್ಜಿಸು. ಉಜ್ಜಿದೆ ಎಂದು ಹೇಳುತ್ತಾಳೆ, ಬ್ರಷ್ ಮುಟ್ಟಿ ನೋಡು.

ನಿನ್ನ,
ಸೋಡಾಬುಡ್ಡಿ


ಜನವರಿ 20

ನನ್ನ ಸೋಡಾಬುಡ್ಡಿ,

ಹೇಳಿಬಿಟ್ಟೆಯಾ! ನಿನ್ನ ಕಾಗದವನ್ನು ಡಿಪೋದಲ್ಲಿ ಬಸ್ಸು ಹೊರಡಿಸುವ ಮುಂಚೆ ಓದಿದೆ. ಓದಿದವಳೇ ಸುಮ್ಮಸುಮ್ಮನೆ ಹಾರ್ನ್ ಬಾರಿಸಿದೆ. ಕಂಡಕ್ಟರ್ ಹಿಂದಿನಿಂದ 'ಅಡ್ಡ ಯಾರೂ ಇಲ್ವಲ್ಲಕ್ಕಾ?' ಎಂದ. 'ಇಲ್ಲ, ಅದಕ್ಕೇ' ಎಂದೆ. ಅವನಿಗೆ ನನ್ನ ತಲೆ ಕೆಟ್ಟಿದೆ ಎಂದು ಮೊದಲಿಂದಲೂ ಅನುಮಾನ.

ನಿನಗೆ ಗೊತ್ತು, ನಾನು ಇದನ್ನು ಕೇಳಬೇಕೆಂದು ಎಷ್ಟು ಕಾದಿದ್ದೆ, ಕೇಳಬಾರದೆಂದು ಎಷ್ಟು ತಡೆದುಕೊಂಡಿದ್ದೆ. ಮನೆ ಹುಡುಕುವಾಗೆಲ್ಲ 'ಅಕ್ಕತಂಗೀರಾ?' ಎಂದವರಿಗೆ ಹೂಂಗುಟ್ಟಿದ್ದೇವೆ. ಒಂದೇ ಹಾಸಿಗೆ ನೋಡಿದವರಿಗೆ 'ಜಾಗ ಸಾಲಲ್ಲ' ಎಂದಿದ್ದೇವೆ. ಪರರಿಗೆ ಅಷ್ಟು ಸಾಕು. ಆದರೆ ನಿನ್ನ ರಕ್ತದವರಿಗೆ ನೀನು ಬಾಯಿಬಿಟ್ಟು ಹೇಳಿದ್ದು ದೊಡ್ಡ ಮಾತು. ನಮ್ಮ ನರ್ಸಮ್ಮ ಇದ್ದಿದ್ದರೆ ಕುಣಿದಾಡುತ್ತಿದ್ದಳು. ಕಣ್ಣು ಮುಚ್ಚುವಾಗ ತನ್ನ ಮಗುವನ್ನು ಒಬ್ಬಳ ಮಡಿಲಿಗೆ ಹಾಕಲಿಲ್ಲ ನೋಡು. ನಮ್ಮಿಬ್ಬರ ಕೈಯನ್ನೂ ಸೇರಿಸಿ ಹಿಡಿದು, 'ಇಬ್ರಿಗೂ ಸೇರಿದ್ದು, ಜಗಳ ಆಡ್ಬೇಡಿ' ಎಂದಳು. ಆಗ ಚಿಟಿಕೆಗೆ ನಡೆಯಲೂ ಬರುತ್ತಿರಲಿಲ್ಲ. ಈಗ ಮೂರನೇ ಕ್ಲಾಸು, ನನಗೇ ಬುದ್ಧಿ ಹೇಳುತ್ತಾಳೆ.

ನಿನ್ನೆ ಕೇಳಿದಳು: 'ಬುಡ್ಡಮ್ಮನ ಅಣ್ಣ ಅಂದ್ರೆ ನಂಗೆ ಮಾವ ಅಲ್ವಾ?' ಹೌದು ಎಂದೆ. ಶಾಲೆಯಲ್ಲಿ ಎಲ್ಲರಿಗೂ ಸಾರಿದ್ದಾಳೆ, ನಂಗೂ ಒಬ್ಬ ಮಾವ ಇದಾನೆ ಎಂದು.

ನಿನ್ನ,
ಹಾರ್ನ್


ಫೆಬ್ರವರಿ 6

ಪ್ರೀತಿಯ ಹಾರ್ನ್,

ಬರೆಯಲು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಅಣ್ಣನಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿಸುತ್ತಿದ್ದೇನೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಉಜ್ಜಿ ಬಂದ ತಾಳ್ಮೆ ಇಲ್ಲಿ ಉಪಯೋಗಕ್ಕೆ ಬಂತು. ಮೊದಲ ಗುಂಡಿ ಹಾಕಿಕೊಂಡ ದಿನ ಗೆದ್ದವನ ಹಾಗೆ ಎದೆ ಮುಂದೆ ಮಾಡಿ ಕೂತ. ಊಟಕ್ಕೆ ಕೂತಾಗ ಎಡಗೈಯಿಂದಲೇ ನನ್ನ ತಟ್ಟೆಯನ್ನು ತನ್ನ ಪಕ್ಕಕ್ಕೆ ಎಳೆದುಕೊಂಡ, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ. 'ಇ...ಲ್ಲೇ... ಇರು' ಎಂದ.

ನಿನಗೆ ಇದು ಹೇಗೆ ಕೇಳುತ್ತದೋ ಗೊತ್ತಿಲ್ಲ. ನಾನು ತಂಗಿಯಾಗಿ ಎಷ್ಟೋ ಕಾಲವಾಗಿತ್ತು. ಅದು ನನಗೆ ಬೇಕಾಗಿತ್ತು ಎಂಬುದೇ ಮರೆತುಹೋಗಿತ್ತು.

ಚಿಟಿಕೆ ಮಾವ ಗೀವ ಎಂದು ತುಂಬ ಹಚ್ಚಿಕೊಳ್ಳುವುದು ಬೇಡ. ಅವನಿಗೆ ಮಾತು ಬರುವುದಿಲ್ಲ, ದಣಿವಾಗುತ್ತದೆ. ನಿಧಾನವಾಗಿ ನೋಡೋಣ.

ನಿನ್ನ,
ಸೋಡಾಬುಡ್ಡಿ


ಫೆಬ್ರವರಿ 15

ನನ್ನ ಸೋಡಾಬುಡ್ಡಿ,

ನಿಧಾನವೆಲ್ಲ ನಿನಗೆ, ನಾನು ಡ್ರೈವರು. ನಿನ್ನ ಕಾಗದ ಓದಿ ನನಗನ್ನಿಸಿದ್ದು ಇಷ್ಟೇ: ನೀನು ಅಲ್ಲಿ ಸಂತೋಷವಾಗಿದ್ದೀಯ, ಆದರೆ ನಾವಿಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿದ್ದೇವೆ ಎಂದು ಸಂಕಟಪಡುತ್ತಿದ್ದೀಯ. ಕರೆಯಲು ಸಂಕೋಚ ನಿನಗೆ. ಅದಕ್ಕೆ ಕರೆಯದೆಯೇ ಬರುತ್ತಿದ್ದೇವೆ. ಈ ತಿಂಗಳ ಕೊನೆಯ ಶನಿವಾರ ಬೆಳಗಿನ ರೈಲಿಗೆ. ಭಾನುವಾರ ಸಂಜೆ ವಾಪಸ್ಸು. ನಾನು ರಜೆ ಬರೆದುಕೊಟ್ಟಾಗಿದೆ.

ಚಿಟಿಕೆ ಮಾವನಿಗೆ ಕೊಡಲು ದೊಡ್ಡ ಗುಂಡಿಗಳಿರುವ ಅಂಗಿ ಬೇಕೆಂದು ಕೆಳಗಿನ ಮನೆಯ ಟೈಲರಪ್ಪನ ತಲೆ ತಿಂದಿದ್ದಾಳೆ. ಅವರು ಹೊಲಿಯುತ್ತಿದ್ದಾರೆ. ಅಳತೆ ಯಾರಿಗೂ ಗೊತ್ತಿಲ್ಲ. 'ಬುಡ್ಡಮ್ಮನಷ್ಟೇ ಮೂಗು, ಇನ್ನೂ ಸ್ವಲ್ಪ ದಪ್ಪ' ಎಂದು ಇವಳು ಅಳತೆ ಹೇಳಿದ್ದಾಳೆ.

ನಿನ್ನ,
ಹಾರ್ನ್


ಫೆಬ್ರವರಿ 22

ಹಾರ್ನ್,

ಈ ಸಲ ಬರಬೇಡಿ. ಅತ್ತಿಗೆಗೆ ಜ್ವರ, ಮನೆಯಲ್ಲಿ ಜಾಗವೂ ಇಲ್ಲ. ನಮ್ಮ ಟೈಲರಪ್ಪನ ಅಂಗಡಿಗೆ ಬೂತಿನಿಂದ ಫೋನ್ ಮಾಡಿದೆ, ರಿಂಗಾಗುತ್ತಲೇ ಇದೆ, ಯಾರೂ ಎತ್ತುತ್ತಿಲ್ಲ. ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ. ದಯವಿಟ್ಟು ಬರಬೇಡಿ. ಚಿಟಿಕೆಗೆ ಏನಾದರೂ ಹೇಳು. ನಾನೇ ಬೇಗ ಬರುತ್ತೇನೆ.

ಸೋಡಾಬುಡ್ಡಿ


ಮಾರ್ಚ್ 2

ನಿನ್ನ ಕಾಗದ ಬಾಗಿಲ ಸಂದಿಯಲ್ಲಿ ಬಿದ್ದಿತ್ತು. ನಾವು ವಾಪಸ್ಸು ಬಂದ ಮೇಲೆ ಸಿಕ್ಕಿತು. ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲು ತೆಗೆದೆ, ಅದರ ಮೇಲೇ ಕಾಲಿಟ್ಟೆ. 'ದಯವಿಟ್ಟು ಬರಬೇಡಿ.' ಅತ್ತಿಗೆಯವರಿಗೆ ಜ್ವರವೇನೂ ಕಾಣಲಿಲ್ಲ. ನಮಗೆ ಬಡಿಸಿದರು, ಚೆನ್ನಾಗಿ ಉಪಚರಿಸಿದರು.

ನೀನು ಗೇಟಿಗೆ ಓಡಿ ಬಂದೆ. ನಮ್ಮನ್ನು ನೋಡಿದ ಖುಷಿಗೆ ಓಡಿ ಬಂದೆ ಅಂದುಕೊಂಡೆ, ದಡ್ಡಿ ನಾನು. ಹಿಂದೆ ವರಾಂಡದಲ್ಲಿ ನಿನ್ನ ಅಣ್ಣ ಕುರ್ಚಿಯಲ್ಲಿದ್ದರು. ನೀನು ತಿರುಗಿ ಅವರಿಗೆ ಹೇಳಿದೆ: 'ಅಣ್ಣಾ, ಇವ್ರು ನಮ್ಮ ಹಾಸ್ಟೆಲ್ ವಾರ್ಡನ್ನು. ನಾನು ಹೇಳಿದ್ನಲ್ಲ? ಇದು ಅವ್ರ ಮಗು.'

ಆಗ ನನಗೆ ಅರ್ಥವಾಯಿತು, ಜನವರಿಯಲ್ಲಿ ನೀನು 'ನಿಮ್ಮಿಬ್ಬರ ವಿಷಯ' ಏನು ಹೇಳಿದ್ದೆ ಎಂದು.

ನನ್ನ ಮಾತು ಬಿಡು. ಚಿಟಿಕೆ ನಿನ್ನ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಿನ್ನ ಕಡೆ ಓಡಲು ಎತ್ತಿದ್ದ ಕಾಲನ್ನು ಹಾಗೇ ಕೆಳಗಿಟ್ಟಳು. ಆಮೇಲೆ ಕೈಯಲ್ಲಿದ್ದ ಅಂಗಿಯ ಪೊಟ್ಟಣ ಮುಂದೆ ಹಿಡಿದು, 'ನಮಸ್ತೆ ಆಂಟಿ, ಇದು ನಿಮ್ಮ ಅಣ್ಣಂಗೆ' ಎಂದಳು. ಎರಡು ದಿನವೂ ಹಾಗೇ ಇದ್ದಳು. ಆಂಟಿ ನೀರು ಕೊಡ್ತೀರಾ, ಆಂಟಿ ಬಾತ್‌ರೂಮ್ ಎಲ್ಲಿದೆ. ಒಮ್ಮೆಯೂ ತಪ್ಪಲಿಲ್ಲ. ಎಂಟು ವರ್ಷದ ಮಗುವಿಗೆ ಯಾರೂ ಹೇಳಿಕೊಡದೆ ಹೇಗೆ ಗೊತ್ತಾಯಿತು?

ಯಾರೂ ಹೇಳಿಕೊಡಲಿಲ್ಲ ಎನ್ನುವುದೂ ಸುಳ್ಳು. ನಾನಲ್ಲೇ ನಿಂತಿದ್ದೆನಲ್ಲ. ಅದೇ ಕ್ಷಣ ಅವಳ ಕೈ ಹಿಡಿದು ತಿರುಗಿ ಬರಬಹುದಿತ್ತು. ನಾನೂ ವಾರ್ಡನ್ನಾದೆ. 'ನಿಮ್ಮ ತಂಗಿ ತುಂಬಾ ಶಿಸ್ತು, ರೂಮು ಚೊಕ್ಕಟವಾಗಿ ಇಟ್ಕೋತಾರೆ' ಎಂದು ನಿನ್ನಣ್ಣನ ಮುಂದೆ ಹೊಗಳಿದೆ. ನಿನ್ನ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟೇ ನನ್ನ ಮೇಲೂ ಇದೆ.

ರೈಲಿನಲ್ಲಿ ಅವಳಿಗೆ ವಾಂತಿಯಾಯಿತು.

ಬರೆಯಬೇಡ.


ಮಾರ್ಚ್ 9

ಹಾರ್ನ್,

ಬರೆಯಬೇಡ ಎಂದೆ. ಬರೆಯುತ್ತಿದ್ದೇನೆ. ಓದದೆ ಇಟ್ಟರೂ ಸರಿ.

ಹೆದರಿಕೆಯಿಂದ ಹಾಗೆ ಮಾಡಿದೆ ಎಂದರೆ ನೀನು ಅರ್ಧ ನಂಬುತ್ತೀಯ. ಉಳಿದರ್ಧ ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಹೆದರಿಕೆಗಿಂತ ಹೆಚ್ಚಾಗಿ ಆಸೆ. ಪಕ್ಕಕ್ಕೆ ಎಳೆದುಕೊಂಡ ಆ ತಟ್ಟೆಯ ಆಸೆ. ಅದು ಇನ್ನೂ ಸ್ವಲ್ಪ ದಿನ ಇರಲಿ ಅನ್ನಿಸಿತು. ಅದಕ್ಕಾಗಿ ಗೇಟಿನಲ್ಲಿ ನಿಮ್ಮನ್ನು ಕೊಟ್ಟುಬಿಟ್ಟೆ. ಬಾಯಿಗೆ ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಅದೇ ನನ್ನನ್ನು ಈಗ ತಿನ್ನುತ್ತಿದೆ. ತೊದಲಿದ್ದರಾದರೂ ಚೆನ್ನಾಗಿತ್ತು.

ಅವಳು 'ಆಂಟಿ' ಎಂದಾಗ ನನಗೆ ಏನನ್ನಿಸಿತು ಗೊತ್ತಾ? ಸದ್ಯ, ಬಚಾವಾದೆ ಅನ್ನಿಸಿತು. ಮೊದಲು ಅನ್ನಿಸಿದ್ದು ಅದೇ. ನೋವಾದದ್ದು ಆಮೇಲೆ. ಇದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ?

ಅಣ್ಣ ಆ ಅಂಗಿಯನ್ನೇ ದಿನ ಬಿಟ್ಟು ದಿನ ಹಾಕಿಕೊಳ್ಳುತ್ತಾನೆ. ಗುಂಡಿಗಳು ದೊಡ್ಡವು, ಒಬ್ಬನೇ ಹಾಕಿಕೊಳ್ಳಬಲ್ಲ. ತೋಳು ಮಾತ್ರ ಉದ್ದವಾಯಿತು. ನಾನು ಮಡಚುತ್ತೇನೆ. ಪ್ರತಿ ಸಲವೂ.

ಸೋಡಾಬುಡ್ಡಿ


ಮಾರ್ಚ್ 24

ಹಾರ್ನ್,

ಅವಳ ವಾಂತಿ ನಿಂತಿತಾ? ಅಷ್ಟು ಮಾತ್ರ ಒಂದು ಕಾರ್ಡಿನಲ್ಲಿ ಬರಿ. ಬೇರೇನೂ ಬೇಡ.


ಏಪ್ರಿಲ್ 14

ವಾಂತಿ ಆವತ್ತೇ ನಿಂತಿತು. ಬೇರೊಂದು ಶುರುವಾಗಿದೆ. ಒಬ್ಬಳೇ ನುಂಗಿಕೊಳ್ಳಲು ಆಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಸಮಾಧಾನವಾಯಿತು ಎಂದುಕೊಳ್ಳಬೇಡ.

ಹೋದ ತಿಂಗಳು ಅವಳನ್ನು ಡಿಪೋಗೆ ಕರೆದುಕೊಂಡು ಹೋಗಿದ್ದೆ. ಮೊದಲಾದರೆ ಗೇಟಿನಿಂದಲೇ 'ಹಾರ್ನಮ್ಮನ ಬಸ್ಸೆಲ್ಲಿ?' ಎಂದು ಕೂಗುತ್ತಾ ನುಗ್ಗುತ್ತಿದ್ದವಳು ಹೊರಗೇ ನಿಂತಳು. ನನ್ನ ಅಂಗಿ ಎಳೆದು, ಮೆಲ್ಲಗೆ ಕೇಳಿದಳು: 'ಇಲ್ಲಿ ನಾನು ನಿಮಗೆ ಏನಾಗ್ಬೇಕು?'

ಅವಳು 'ನಿಮಗೆ' ಎಂದದ್ದು ನನಗೆ.

ಅವಳ ಪಾಲಿಗೆ ಅದೊಂದು ಸಾದಾ ಪ್ರಶ್ನೆ. ಚಪ್ಪಲಿ ಹೊರಗೆ ಬಿಡಬೇಕಾ, ಹಾಕಿಕೊಂಡೇ ಬರಬಹುದಾ ಎಂದು ಕೇಳುವ ಹಾಗೆ. ಡಾಕ್ಟರ ಹತ್ತಿರ ಹೋದಾಗಲೂ ಕೇಳಿದಳು. ಗೆಳತಿಯ ಮನೆಗೆ ಬಿಡಲು ಹೋದಾಗಲೂ ಕೇಳಿದಳು. 'ಎಲ್ಲಾ ಕಡೆ ಮಗಳೇ ಕಣೇ' ಎಂದೆ. 'ಎಲ್ಲಾ ಕಡೆ ಅಲ್ವಲ್ಲ' ಎಂದಳು. ಏನು ಹೇಳಲಿ? ಸುಳ್ಳಿ ಎನ್ನಲಾ?

ನಿನ್ನ ಮಾರ್ಚ್ ಕಾಗದಗಳನ್ನು ಓದಿದ್ದೇನೆ.

ಹಾರ್ನ್


ಏಪ್ರಿಲ್ 25

ಹಾರ್ನ್,

ನಿನ್ನ ಕಾಗದವನ್ನು ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ನನಗೆ ಕೊಟ್ಟಿರುವ ಕೋಣೆಯಲ್ಲಿ ಓದಿ, ಮತ್ತೆ ಓದಿ, ಕೆಳಗಿಳಿದು ಬಂದು ಅಣ್ಣನಿಗೆ ಹೇಳಿದೆ. ಧೈರ್ಯ ಬಂತೆಂದಲ್ಲ. ಹೇಳದಿದ್ದರೆ ಇನ್ನು ಮುಂದೆ ನನ್ನ ಮುಖ ನನಗೇ ಬೇಡವಾಗುತ್ತಿತ್ತು.

ಮಧ್ಯಾಹ್ನ, ಗುಂಡಿ ಹಾಕುವ ಹೊತ್ತು. 'ಅಣ್ಣಾ, ಹಾಸ್ಟೆಲ್ಲೂ ಇಲ್ಲ, ವಾರ್ಡನ್ನೂ ಇಲ್ಲ' ಎಂದೆ. 'ಅವ್ಳು ನನ್ನ ಜೊತೆ ಬಾಳೋಳು. ಗಂಡ-ಹೆಂಡ್ತಿ ಹೇಗೋ ಹಾಗೆ. ಆ ಮಗು ನಮ್ಮಿಬ್ಬರದು. ಹೆತ್ತಿಲ್ಲ ಅಷ್ಟೇ.'

ಅವನು ನನ್ನ ಕೈಯನ್ನು ತಳ್ಳಿದ. ಕೋಪವೋ ಸಂಕಟವೋ, ಆ ಮುಖದಲ್ಲಿ ಈಗ ತಿಳಿಯುವುದಿಲ್ಲ. ಎಡಗೈಯಲ್ಲಿ ಅಂಗಿಯನ್ನು ಬಿಚ್ಚತೊಡಗಿದ. ಚಿಟಿಕೆ ತಂದ ಅಂಗಿಯೇ ಅದು. ಒಂದು ತೋಳು ಸಿಕ್ಕಿಕೊಂಡಿತು. ಸಹಾಯಕ್ಕೆ ಹೋದರೆ 'ಬೇ...ಡ' ಎಂದ. ಅರ್ಧ ಬಿಚ್ಚಿದ ಅಂಗಿಯಲ್ಲಿ, ಒಂದು ಭುಜ ಬರಿದಾಗಿ, ಸಂಜೆ ಅತ್ತಿಗೆ ಬರುವ ತನಕ ಹಾಗೇ ಕೂತಿದ್ದ. ನಾನು ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದೆ. ಒಳಗೆ ಅವನು ತೋಳು ಜಗ್ಗಿ ಏದುಸಿರು ಬಿಡುವುದು ಕೇಳುತ್ತಿತ್ತು, ಹೋಗಿ ಬಿಡಿಸುವ ಹಕ್ಕು ನನಗಿರಲಿಲ್ಲ.

ಅತ್ತಿಗೆಗೆ ಅಡಿಗೆಮನೆಯಲ್ಲಿ ಹೇಳಿದೆ. ಅವರು ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. 'ಅವತ್ತೇ ಗೊತ್ತಾಯ್ತು ನಂಗೆ' ಎಂದರು. 'ನೀವು ಒಲೆ ಮುಂದೆ ನಿಂತಿದ್ರಿ. ಕನ್ನಡಕಕ್ಕೆ ಹಬೆ ಹಿಡಿದಿತ್ತು. ಆ ಹುಡುಗಿ ಬಂದು ನಿಮ್ಮ ಮೂಗಿಂದ ಕನ್ನಡಕ ತೆಗೆದು, ಫ್ರಾಕಿಂದ ಒರೆಸಿ, ಮತ್ತೆ ಹಾಕಿ ಹೋದ್ಲು. ವಾರ್ಡನ್ ಮಗಳು ಹಂಗೆ ಮಾಡ್ತಾಳಾ?'

ನನಗೆ ಅದು ನೆನಪೇ ಇಲ್ಲ, ಹಾರ್ನ್. ಮನೆಯಲ್ಲಿ ದಿನವೂ ಮಾಡುತ್ತಾಳಲ್ಲ, ಅದಕ್ಕೆ ಗಮನಿಸಿಯೇ ಇರಲಿಲ್ಲ. ಎರಡು ದಿನ ಒಮ್ಮೆಯೂ ತಪ್ಪಲಿಲ್ಲ ಎಂದಿದ್ದೆ ನೀನು. ಒಮ್ಮೆ ತಪ್ಪಿದ್ದಳು. ಅದನ್ನೂ ನಾನು ನೋಡಲಿಲ್ಲ.

'ಮತ್ತೆ ಯಾಕೆ ಕೇಳ್ಲಿಲ್ಲ ಅತ್ತಿಗೇ?' ಎಂದೆ. 'ಕೇಳಿದ್ರೆ ನೀವು ಹೊರಟುಹೋಗ್ತಿದ್ರಿ. ಇವ್ರನ್ನ ನೋಡ್ಕೊಳ್ಳೋರು ಯಾರು? ನನ್ನ ಸ್ವಾರ್ಥ ನಂಗೆ' ಎಂದರು.

ಬೇರೆ ಆಯಾ ಸಿಗುವವರೆಗೆ ಇರುತ್ತೇನೆ. ಆಮೇಲೆ ಎಲ್ಲಿಗೆ ಹೋಗಲಿ ಎಂದು ಕೇಳುವುದಿಲ್ಲ. ಕೇಳುವ ಮುಖ ನನಗಿಲ್ಲ.

ಸೋಡಾಬುಡ್ಡಿ


ಮೇ 5

ಸೋಡಾಬುಡ್ಡಿ,

ಹೊಸ ಬಸ್ಸುಗಳು ಬರುತ್ತಿವೆ. ತರಬೇತಿಗೆ ಹೆಂಗಸರಲ್ಲಿ ನನ್ನೊಬ್ಬಳನ್ನೇ ಆರಿಸಿದ್ದಾರೆ. ಒಂದು ತಿಂಗಳು, ಬೇರೆ ಊರಲ್ಲಿ. ಹೋಗದಿದ್ದರೆ ಹಳೆಯ ಡಬ್ಬಾದಲ್ಲೇ ರಿಟೈರ್ ಆಗಬೇಕು. ಚಿಟಿಕೆಯನ್ನು ಟೈಲರಪ್ಪನ ಮನೆಯಲ್ಲಿ ಅಷ್ಟು ದಿನ ಬಿಡಲು ಮನಸ್ಸಿಲ್ಲ.

ಸ್ಪಷ್ಟವಾಗಿ ಹೇಳುತ್ತೇನೆ, ನೀನು ಬೇರೆ ಅರ್ಥ ಮಾಡಿಕೊಳ್ಳುವುದು ಬೇಡ. ಕ್ಷಮಿಸಿ ಕರೆಯುತ್ತಿಲ್ಲ, ಬೇಕಾಗಿ ಕರೆಯುತ್ತಿದ್ದೇನೆ. ಬೀಗದ ಕೈ ಟೈಲರಪ್ಪನ ಹತ್ತಿರ ಇರುತ್ತದೆ. ನೀನು ಬರುವ ದಿನ ಬೆಳಿಗ್ಗೆಯೇ ನಾನು ಹೊರಟಿರುತ್ತೇನೆ. ಬೇಕೆಂದೇ ಹಾಗೆ ಮಾಡಿದ್ದೇನೆ. ನಿನ್ನನ್ನು ನೋಡಿದರೆ ನನ್ನ ಸಿಟ್ಟು ನಿಲ್ಲುವುದಿಲ್ಲ, ಅವಳಿಗೆ ಅನ್ಯಾಯವಾಗುತ್ತದೆ.

ಅವಳಿಗೆ ಹೇಳಿದ್ದೇನೆ. 'ಬರ್ಲಿ' ಎಂದಳು. 'ಎಷ್ಟು ದಿನ ಇರ್ತಾರೆ?' ಎಂದಳು.

ಹಾರ್ನ್


ಮೇ 26

ಪ್ರೀತಿಯ ಹಾರ್ನ್,

ಹಾಗೆ ಕರೆಯಬಹುದೋ ಇಲ್ಲವೋ ತಿಳಿಯದು, ಕರೆದಿದ್ದೇನೆ.

ಅಣ್ಣನಿಗೆ ಆಯಾ ಸಿಕ್ಕ ಮೇಲೇ ಹೊರಟು ಬಂದೆ. ಮೊದಲ ವಾರ ನಾನು ಈ ಮನೆಯಲ್ಲಿ ಅತಿಥಿ. ಅವಳು ನನಗೆ ಟವೆಲ್ ತಂದುಕೊಟ್ಟಳು. 'ನೀವು ಕಿಟಕಿ ಕಡೆ ಮಲಗ್ತೀರಾ?' ಎಂದಳು. ಒಳ್ಳೆಯ ಮಗು, ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಶಾಲೆಯ ಬೇಸಿಗೆ ಶಿಬಿರದಿಂದ ಕರೆತರಲು ಹೋದಾಗ ಹೊಸ ಟೀಚರು ಯಾರು ನೀವು ಎಂದರು. 'ತಾಯಿ' ಎಂದೆ, ಬೇಕಾದ್ದಕ್ಕಿಂತ ಗಟ್ಟಿಯಾಗಿ. ಟೀಚರು ಒಂದು ಹೆಜ್ಜೆ ಹಿಂದೆ ಸರಿದರು. ಹೊರಗೆ ಬಂದ ಮೇಲೆ ಚಿಟಿಕೆ, 'ಅಷ್ಟು ಜೋರಾಗಿ ಯಾಕೆ? ಅವ್ರೇನು ಕಿವುಡ್ರಾ?' ಎಂದಳು. ನಾನು ಟೀಚರಿಗಲ್ಲ, ಅವಳಿಗೆ ಕೇಳಲೆಂದು ಹೇಳಿದ್ದು ಅವಳಿಗೆ ಗೊತ್ತಾಗಿತ್ತು. ತಪ್ಪು ಮಾಡಿದವರು ಸರಿಮಾಡಲು ಹೊರಟರೂ ಗದ್ದಲವನ್ನೇ ಎಬ್ಬಿಸುತ್ತಾರೆ.

ನಿನ್ನೆ ಶನಿವಾರ. ಮಧ್ಯಾಹ್ನ ಅವಳ ಬೂಟಿಗೆ ಪಾಲಿಶ್ ಹಾಕುತ್ತಿದ್ದೆ. ಎದುರಿಗೆ ಕಾಲು ಚಾಚಿ ಕೂತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು:

'ಅವತ್ತು ನಾನು ಚೆನ್ನಾಗಿ ಮಾಡ್ದೆ ಅಲ್ವಾ?'

'ಯಾವತ್ತು?' ಎಂದೆ, ಗೊತ್ತಿದ್ದೂ.

'ನಿಮ್ಮ ಅಣ್ಣನ ಮನೇಲಿ. ಯಾರಿಗೂ ಗೊತ್ತಾಗ್ಲಿಲ್ಲ. ನೀವು ಆಮೇಲೆ ಹೇಳ್ತೀರ ಅಂದ್ಕೊಂಡಿದ್ದೆ, ಚೆನ್ನಾಗಿ ಮಾಡ್ದೆ ಅಂತ. ಯಾರೂ ಹೇಳ್ಲಿಲ್ಲ. ಹಾರ್ನಮ್ಮ ಅಳ್ತಾ ಇದ್ಲು.'

ಹಾರ್ನ್, ನಾನು ಬ್ರಷ್ ಕೆಳಗಿಟ್ಟೆ. ಅವಳು ನಮ್ಮ ಮೇಲೆ ಕೋಪಿಸಿಕೊಂಡಿದ್ದಾಳೆ ಎಂದು ನಾವಿಬ್ಬರೂ ಅಂದುಕೊಂಡಿದ್ದೆವು. ಅವಳು ಇಷ್ಟು ದಿನ ಶಹಭಾಸ್‌ಗೆ ಕಾದಿದ್ದಳು. ಸಿಗದಿದ್ದಕ್ಕೆ, ತಾನೇ ಏನೋ ತಪ್ಪು ಮಾಡಿದೆ ಅಂದುಕೊಂಡಿದ್ದಳು. ಅದಕ್ಕೇ ಎಲ್ಲಾ ಬಾಗಿಲಲ್ಲೂ ಮೊದಲೇ ಕೇಳಿಕೊಳ್ಳುತ್ತಿದ್ದಳು, ಮತ್ತೆ ತಪ್ಪಾಗದಿರಲಿ ಎಂದು.

'ಚೆನ್ನಾಗಿ ಮಾಡ್ದೆ' ಎಂದೆ. 'ನಮ್ಮಿಬ್ರಿಗಿಂತಲೂ ಚೆನ್ನಾಗಿ ಮಾಡ್ದೆ. ನಿನ್ನದು ಏನೂ ತಪ್ಪಿರಲಿಲ್ಲ. ನಾನು ಹಾಗೆ ಮಾಡಿಸ್ಬಾರದಾಗಿತ್ತು.'

'ಮತ್ತೆ ಯಾಕೆ ಮಾಡಿಸಿದ್ರಿ?'

'ನಮ್ಮಣ್ಣ ನನ್ನ ಬಿಟ್ಟುಬಿಡ್ತಾನೆ ಅಂತ ಭಯ ಇತ್ತು.'

'ಈಗ?'

'ಈಗ ಬಿಟ್ಟುಬಿಟ್ಟ.'

ಅವಳು ಅಯ್ಯೋ ಪಾಪ ಎನ್ನಲಿಲ್ಲ, ಒಳ್ಳೇದಾಯಿತು ಎಂದೂ ಅನ್ನಲಿಲ್ಲ. 'ನಂಗೆ ಅವತ್ತು ಹೊಟ್ಟೆನೋವು ಬಂದಿತ್ತು' ಎಂದಳು. 'ಇನ್ನೊಂದ್ಸಲ ಹೇಳಿದ್ರೆ ಮಾಡಲ್ಲ.'

'ಹೇಳಲ್ಲ.'

'ಹೇಳಿದ್ರೆ?'

'ಹೇಳಿದ್ರೆ ಅಲ್ಲೇ ಬೀದೀಲೇ ನಿಂತು ಕೂಗು. ಇವ್ಳು ನಮ್ಮಮ್ಮ ಅಂತ. ಊರೆಲ್ಲಾ ಕೇಳೋ ಹಾಗೆ.'

'ಅಷ್ಟು ಜೋರು ಬರುತ್ತಾ ನಂಗೆ?' ಎಂದು ಎದ್ದಳು. ಬರಿಗಾಲಲ್ಲೇ ಬಾಗಿಲು ತೆಗೆದು ಮೆಟ್ಟಿಲ ಹತ್ತಿರ ಹೋದಳು. ಮೆಟ್ಟಿಲ ಕಂಬಿ ಹಿಡಿದು, ಉಸಿರೆಳೆದುಕೊಂಡು, ಕೂಗಿದಳು, 'ಬುಡ್ಡಮ್ಮಾ!' ಎಂದು. ಕಟ್ಟಡವೆಲ್ಲ ಅನುರಣಿಸಿತು. ಟೈಲರಪ್ಪನ ಮಷೀನು ನಿಂತಿತು. ಮೇಲಿನ ಮನೆಯವರು ಬಾಗಿಲು ತೆಗೆದು ಇಣುಕಿದರು. ಯಾರಿಗೆ ಏನಾಯಿತು ಎಂದು ಕೆಳಗಿನಿಂದ ಇನ್ನೊಬ್ಬರು ಕೇಳಿದರು.

ಅವಳು ಅವರ ಯಾರ ಕಡೆಗೂ ನೋಡಲಿಲ್ಲ. ತಿರುಗಿ, ತೆರೆದ ಬಾಗಿಲಲ್ಲಿ ನನ್ನನ್ನೇ ನೋಡುತ್ತಾ ನಿಂತಳು. ಪಾಲಿಶ್ ಮೆತ್ತಿದ ಕೈಯಲ್ಲೇ ನಾನು ಎದ್ದು ಹೊರಗೆ ಬಂದೆ. ಅಷ್ಟು ಜನರ ಮುಂದೆ, ನನಗೆ ಸಾಧ್ಯವಾದಷ್ಟು ಗಟ್ಟಿಯಾಗಿ ಓಗೊಟ್ಟೆ.

ಸೋಡಾಬುಡ್ಡಿ